ಸಾರ್ಜೆಂಟ್‌ಗೆ ದೊಡ್ಡ ಗುಂಡು ಬೇಕಂತೆ

ಕೋವಿ ರಿಪೇರಿ ಮಾಡುವ ಅಂಗಡಿಯಲ್ಲಿ ನಗುವಂಥದ್ದು ನಡೆಯಬಾರದು. ಆದರೂ ನಡೆಯುತ್ತಲೇ ಇರುತ್ತದೆ, ಅದೂ ಯಾರಿಗೂ ನಗುವ ಧೈರ್ಯ ಇಲ್ಲದ ಹೊತ್ತಿನಲ್ಲಿ. ನನಗೆ ಹೆಚ್ಚು ಮಾತು ಬರುವುದಿಲ್ಲ. ಒಂದು ಪಿಸ್ತೂಲಿನ ವಿಷಯ ಮಾತ್ರ ಹೇಳುತ್ತೇನೆ.

ಕೊಲ್ಲಿ ನಾಡಿನ ಅಲ್ ಖೌದ್ ಊರಿನಲ್ಲಿ ನಮ್ಮ ಅಂಗಡಿ. ಲೈಸೆನ್ಸ್ ಅರ್ಬಾಬ್‌ನ ಹೆಸರಿನಲ್ಲಿದೆ. ಅರ್ಬಾಬ್ ಎಂದರೆ ಯಜಮಾನ. ಲೇತ್ ಮತ್ತು ಅರಗಳು ನನ್ನ ಪಾಲು. ಪಕ್ಕದಲ್ಲಿ ಉಪ್ಪಿನಂಗಡಿ ಕಡೆಯ ಬ್ಯಾರಿಯೊಬ್ಬರ ಟೀ ಅಂಗಡಿ. ಈ ಪಿಸ್ತೂಲಿನ ಒಡೆಯ ಸೂರ್ ಊರಿನ ನಿವೃತ್ತ ಸಾರ್ಜೆಂಟ್. ಕ್ಲಬ್ಬಿನ ಶೂಟಿಂಗ್ ತಂಡದಲ್ಲಿ ಎಲ್ಲರಿಗಿಂತ ಹಿರಿಯ. ಆ ವರ್ಷ ಅವನ ಅಂಕ ಇಳಿದಿತ್ತು. ಬರುವ ಶುಕ್ರವಾರದ ಆಯ್ಕೆಯಲ್ಲಿ ಸೋತರೆ ತಂಡದಿಂದ ಹೊರಗೆ.

"ಹೊರಗೆ ಹೋದರೆ ಏನಾಯಿತು?" ಎಂದು ಅರ್ಬಾಬ್ ಕೇಳಿದ.

"ಮನೆಯಲ್ಲಿ ಕೂರಬೇಕು. ಹೆಂಡತಿ ಈಗಾಗಲೇ ಮೇಕೆಗಳನ್ನು ಖರೀದಿಸಿದ್ದಾಳೆ."

ಅವನು ನಗಲಿಲ್ಲ. ನಾವೂ ನಗಲಿಲ್ಲ.

ಖಾಲಿ

ಮೊದಲ ದಿನ ಸಾರ್ಜೆಂಟ್ ಪಿಸ್ತೂಲನ್ನು ಮೇಜಿನ ಮೇಲಿಟ್ಟು "ಖಾಲಿ" ಅಂದ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಯಾರು ಖಾಲಿ ಎಂದರೂ ತೆರೆದು ನೋಡಬೇಕು. ನಾನು ಕೈ ಚಾಚಿದೆ. ಅವನು ನನ್ನ ಕೈಯ ಮೇಲೆ ಕೈ ಇಟ್ಟ.

"ನಾನು ಹೇಳಿದೆನಲ್ಲ, ಖಾಲಿ ಅಂತ."

"ಕೇಳಿಸಿತು."

"ಜೀವಮಾನವೆಲ್ಲ ಸೈನ್ಯದಲ್ಲಿ ಇದ್ದವನು ನಾನು."

"ನೋಡಿದ ಮೇಲೆ ನಂಬುತ್ತೇನೆ."

ಅರ್ಬಾಬ್‌ನ ಜಪಮಣಿ ನಿಂತಿತು. ಅತಿಥಿಯ ಮಾತನ್ನು ಆಳು ಸುಳ್ಳು ಮಾಡಿದ ಹಾಗಾಯಿತು. ಸಾರ್ಜೆಂಟ್ ನನ್ನನ್ನು ನೋಡುತ್ತಲೇ ಇದ್ದ. ನಾನೂ ನೋಡುತ್ತಲೇ ಇದ್ದೆ. ಕೊನೆಗೆ ಅವನು ಕೈ ತೆಗೆದ. ತೆರೆದು ನೋಡಿದೆ. ಖಾಲಿ ಇತ್ತು. ಅರ್ಬಾಬ್‌ಗೆ ಕೊಟ್ಟೆ, ಅವನೂ ನೋಡಿದ.

"ನೀನು ನೋಡದೆ ಇಟ್ಟುಕೊಂಡಿದ್ದರೆ ಬೇರೆ ಅಂಗಡಿಗೆ ಹೋಗುತ್ತಿದ್ದೆ" ಅಂದ ಸಾರ್ಜೆಂಟ್.

ಆಗ ಬ್ಯಾರಿ ಫ್ಲಾಸ್ಕ್ ತಂದಿಟ್ಟು, "ತುಂಬಿದೆ" ಅಂದರು. ಸಾರ್ಜೆಂಟ್ ಮುಚ್ಚಳ ಬಿಚ್ಚಿ ಒಳಗೆ ನೋಡಿದ. ಅರ್ಧವೂ ಇರಲಿಲ್ಲ.

ಗೆರೆ

ಅವನಿಗೆ ಪಿಸ್ತೂಲು ದೊಡ್ಡ ಗುಂಡು ಹಾರಿಸುವಂತೆ ಬದಲಾಗಬೇಕಿತ್ತು. ಪೊಲೀಸ್ ಅನುಮತಿ ತಂದಿದ್ದ. ಕಂಪನಿಯೇ ಮಾಡಿದ ಹೊಸ ನಳಿಗೆ, ಮೇಲ್ಭಾಗ, ಸ್ಪ್ರಿಂಗ್, ಮ್ಯಾಗಜಿನ್ ಎಲ್ಲ ಪೆಟ್ಟಿಗೆಯಲ್ಲಿತ್ತು. ಕೂಡಿಸಿ, ಹೊಂದಿಸಿ, ಪರೀಕ್ಷಿಸಿ ಕೊಡುವುದು ನನ್ನ ಕೆಲಸ. ತಪ್ಪಾದರೆ ಅವನ ಕೈ ಹೋಗುತ್ತದೆ, ಅರ್ಬಾಬ್‌ನ ಲೈಸೆನ್ಸ್ ಹೋಗುತ್ತದೆ, ಮರುದಿನ ನಾನೂ ಹೋಗುತ್ತೇನೆ, ಮಂಗಳೂರಿಗೆ.

"ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಇದ್ದ ನಳಿಗೆಗೇ ದೊಡ್ಡ ಡ್ರಿಲ್ ಹಾಕಿದ್ರೆ ಆಯ್ತಲ್ಲ?" ಅಂದರು ಬ್ಯಾರಿ.

"ಆಗ ಗುರಿಯಲ್ಲಿ ಇದ್ದವನು ಬದುಕುತ್ತಾನೆ. ಹೊಡೆದವನು ಸಾಯುತ್ತಾನೆ."

ಬ್ಯಾರಿ ಗ್ಲಾಸುಗಳನ್ನು ಎತ್ತಿಕೊಂಡು ಹೋದರು.

ದೊಡ್ಡ ಗುಂಡು ಯಾಕೆಂದು ಸಾರ್ಜೆಂಟ್‌ನನ್ನು ಕೇಳಿದೆ. ಅವನು ಕಾಗದದ ಮೇಲೆ ವೃತ್ತ ಬರೆದ. ಗುಂಡಿನ ತೂತು ಗೆರೆಯನ್ನು ಮುಟ್ಟಿದರೆ ಸಾಕು, ಒಳಗಿನ ವೃತ್ತದ ಅಂಕ ಸಿಗುತ್ತದೆ. ತೂತು ದೊಡ್ಡದಾದರೆ ಗೆರೆ ಮುಟ್ಟುವುದು ಸುಲಭ.

ಲೆಕ್ಕ ಸರಿ. ಆದರೆ ಎರಡು ಗುಂಡುಗಳ ನಡುವಿನ ವ್ಯತ್ಯಾಸ ಒಂದು ಎಳ್ಳಿನಷ್ಟು.

"ನಿನ್ನ ಗುಂಡು ಗೆರೆಯಿಂದ ಎಷ್ಟು ದೂರ ಬೀಳುತ್ತದೆ?"

ಅವನು ಅತ್ತ ಇತ್ತ ನೋಡಿ ಒಂದು ಗೇಣು ತೋರಿಸಿದ.

"ಕನ್ನಡಕ ಹಾಕು."

"ಕನ್ನಡಕ ಮುದುಕರಿಗೆ."

"ಹಾಗಾದರೆ ಫಿರಂಗಿ ಬೇಕು."

ಸಾರ್ಜೆಂಟ್ ಗಂಭೀರವಾಗಿ ಯೋಚಿಸಿದ. "ನಿಜ್ವಾ ಕೋಟೆಯಲ್ಲಿ ಇವೆ" ಅಂದ. "ಕೊಡುವುದಿಲ್ಲ."

ದಾರ

ಬುಧವಾರ ಪರೀಕ್ಷೆ. ಬದಲಾಯಿಸಿದ ಪಿಸ್ತೂಲಿನ ಮೊದಲ ಗುಂಡನ್ನು ನಾನು ಕೈಯಲ್ಲಿ ಹಿಡಿದು ಹೊಡೆಯುವುದಿಲ್ಲ. ಕ್ಲಬ್ಬಿನ ಮೈದಾನದಲ್ಲಿ ಕಬ್ಬಿಣದ ಹಿಡಿಕೆಗೆ ಬಿಗಿದು, ಅದರ ಕುದುರೆಗೆ, ಅಂದರೆ ಟ್ರಿಗರ್‌ಗೆ, ದಾರ ಕಟ್ಟಿ, ಕಾಂಕ್ರೀಟ್ ಗೋಡೆಯ ಹಿಂದೆ ನಿಂತು ಎಳೆಯುತ್ತೇನೆ.

ಅಂದು ಗೋಡೆಯ ಹಿಂದೆ ಮೂವರಿದ್ದೆವು. ದಾರ ನನ್ನ ಕೈಯಲ್ಲಿತ್ತು. ಪಿಸ್ತೂಲು ಸಾರ್ಜೆಂಟ್‌ನದು, ಹಕ್ಕು ಅವನದು ಎಂದು ಅವನ ಕಡೆ ಚಾಚಿದೆ.

ಈ ದೇಶದಲ್ಲಿ ಇಬ್ಬರು ಬಾಗಿಲ ಬಳಿ ಸೇರಿದರೆ ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ. ಇವನು ಅವನಿಗೆ "ತಫದ್ದಲ್" ಅನ್ನುತ್ತಾನೆ, ಅವನು ಇವನಿಗೆ. ಮೊದಲು ನೀವು ದಯಮಾಡಿಸಿ ಎಂದು. ದಾರಕ್ಕೂ ಅದೇ ಆಯಿತು.

"ತಫದ್ದಲ್" ಎಂದು ಸಾರ್ಜೆಂಟ್ ಅದನ್ನು ಅರ್ಬಾಬ್‌ಗೆ ದಾಟಿಸಿದ. "ಅಂಗಡಿ ನಿನ್ನದು."

"ಅಸ್ತಗ್ಫಿರುಲ್ಲಾ, ದೇವರು ಕ್ಷಮಿಸಲಿ, ನೀನಿರುವಾಗ ನಾನೇ? ನೀನು ಹಿರಿಯ."

"ಕೆಲಸ ಮಾಡಿದ್ದು ಉಸ್ತಾದ್" ಎಂದು ಸಾರ್ಜೆಂಟ್ ನನಗೆ ಕೊಟ್ಟ.

"ಗಿರಾಕಿ ಮೊದಲು" ಅಂದೆ.

ಮೂವರ ಹಣೆಯಲ್ಲೂ ಬೆವರು. ಬಿಸಿಲಿನದ್ದಲ್ಲ, ಗೋಡೆಯ ನೆರಳು ಚೆನ್ನಾಗಿತ್ತು. ದಾರ ಮತ್ತೆ ನನ್ನ ಕೈಗೆ ಬಂದಾಗ ಎಳೆದೆ. ಢಂ ಎಂದಿತು. ಯಾರೂ ಕದಲಲಿಲ್ಲ. ಹೋಗಿ ನೋಡಿದೆ. ನಳಿಗೆ ಸರಿ, ಸ್ಪ್ರಿಂಗ್ ಸರಿ, ಎಲ್ಲಿಯೂ ಬಿರುಕಿಲ್ಲ.

"ಇನ್ನೊಮ್ಮೆ ನೋಡಬೇಕು" ಅಂದೆ.

ಹಿಂದಿರುಗಿದಾಗ ಇಬ್ಬರೂ ದಾರ ಹಿಡಿದಿದ್ದರು. ಅರ್ಬಾಬ್ ಎಳೆಯುತ್ತಾನೆ, ಸಾರ್ಜೆಂಟ್ ಬಿಡುವುದಿಲ್ಲ. ತಫದ್ದಲ್ ಎಂಬ ಮಾತೇ ಇಲ್ಲ.

ರಜೆ

ಗುರುವಾರ ಆಯುಧಪೂಜೆ ಬಂದಿತ್ತು. ಪ್ರತಿ ವರ್ಷವೂ ನಾನು ಲೇತಿಗೆ, ಅರಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಇಡುತ್ತೇನೆ. ಆ ದಿನ ಏನನ್ನೂ ಮುಟ್ಟುವುದಿಲ್ಲ. ಅರ್ಬಾಬ್ ಬೇಡ ಎಂದವನಲ್ಲ. ಅವಲಕ್ಕಿ ಪ್ರಸಾದವನ್ನು ಎರಡು ಸಲ ಕೇಳಿ ತಿನ್ನುತ್ತಾನೆ. ಈ ಸಲ ಕೆಲಸ ಮುಗಿದ ಪಿಸ್ತೂಲೂ ಮೇಜಿನ ಮೇಲಿತ್ತು. ಆಯುಧವೇ ಎದುರಿಗಿರುವಾಗ ಬಿಡಲು ಮನಸ್ಸಾಗಲಿಲ್ಲ. ಅದಕ್ಕೂ ಹಚ್ಚಿದೆ.

ಮಧ್ಯಾಹ್ನ ಸಾರ್ಜೆಂಟ್ ಬಂದ. ಪಿಸ್ತೂಲು ಬಾಳೆಎಲೆಯ ಮೇಲೆ ಹೂವಿನ ನಡುವೆ ಮಲಗಿತ್ತು.

"ಏನಾಗಿದೆ ಇದಕ್ಕೆ?"

"ಪೂಜೆ."

"ಕೊಡು. ಅಭ್ಯಾಸ ಮಾಡಬೇಕು."

"ನಾಳೆ ಬೆಳಿಗ್ಗೆ."

"ನಾಳೆ ಬೆಳಿಗ್ಗೆ ನನ್ನ ಆಯ್ಕೆ."

"ಗೊತ್ತು."

ಅವನ ಕುತ್ತಿಗೆಯ ನರ ಉಬ್ಬಿತು. ಅರ್ಬಾಬ್ ಮೆಲ್ಲಗೆ, "ಉಸ್ತಾದ್, ಅವನ ಪಿಸ್ತೂಲು ಅವನದು" ಅಂದ.

"ಎತ್ತಿಕೊಳ್ಳಲಿ. ನಾನು ಎತ್ತಿ ಕೊಡುವುದಿಲ್ಲ."

ಸಾರ್ಜೆಂಟ್ ಕೈ ಚಾಚಿದ. ಹೂವಿನ ಹತ್ತಿರ ಕೈ ನಿಂತಿತು.

"ಎತ್ತಿದರೆ ಏನಾಗುತ್ತದೆ?"

"ಏನೂ ಆಗುವುದಿಲ್ಲ."

"ನೀನು ಅದನ್ನು ಹೇಳುವ ರೀತಿ ಸರಿಯಿಲ್ಲ."

ಕೈ ಅಲ್ಲೇ ಇತ್ತು. ಫ್ಲಾಸ್ಕ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಬ್ಯಾರಿ, "ನಮ್ಮೂರ ಗ್ಯಾರೇಜಿನಲ್ಲಿ ಸ್ಪಾನರಿಗೂ ಇವತ್ತು ರಜೆ, ಸಾರ್ಜೆಂಟ್ ಸಾಬ್" ಎಂದು ಹಿಂದಿಯಲ್ಲಿ ಹೇಳಿದರು.

"ರಜೆಯೇ?" ಸೈನಿಕನಿಗೆ ಅದು ಅರ್ಥವಾಯಿತು. ಕೈ ಹಿಂದೆ ತೆಗೆದ. "ಮೊದಲೇ ಹೇಳಬಾರದೇ? ರಜೆಯಲ್ಲಿ ಇರುವವನನ್ನು ಕರೆಸುವುದು ನನಗೂ ಇಷ್ಟವಿಲ್ಲ. ಖಲಾಸ್. ನಾಳೆ ಹಾಜರಾಗಲಿ."

ಅವನು ಹೋದ ಮೇಲೆ ಬ್ಯಾರಿ ನನ್ನ ಹತ್ತಿರ ಬಂದರು. "ನನ್ನ ಕೆಟ್ಲಿಗೂ ಒಂದು ಹೂ ಇಡಿ ಮಾರಾಯ್ರೆ. ಇಪ್ಪತ್ತು ವರ್ಷದಿಂದ ಅದಕ್ಕೆ ರಜೆ ಇಲ್ಲ."

ಆಯ್ಕೆ

ಶುಕ್ರವಾರ ಬೆಳಿಗ್ಗೆ ಹೂ ತೆಗೆದು, ಪಿಸ್ತೂಲು ಒರೆಸಿ, ಅರ್ಬಾಬ್‌ನ ಜೊತೆ ಮೈದಾನಕ್ಕೆ ಒಯ್ದೆ. ತೀರ್ಪುಗಾರ ಪರೀಕ್ಷಿಸಿದ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಸಣ್ಣ ಕಪ್ಪು ಮೊನೆ ಇರುತ್ತದೆ. ಅದರ ಗೀರುಗಳಲ್ಲಿ ಎಣ್ಣೆಯ ಜೊತೆ ಸೇರಿ ಕುಂಕುಮ ಉಳಿದುಬಿಟ್ಟಿತ್ತು.

"ಇದೇನು?"

"ಕುಂಕುಮ."

ತೀರ್ಪುಗಾರ ಬೆರಳಿನಿಂದ ಉಜ್ಜಿದ. ಹೋಗಲಿಲ್ಲ. ಸಾರ್ಜೆಂಟ್‌ನ ಮುಖದ ಬಣ್ಣವೇ ಹೋಯಿತು. ಇಲ್ಲಿ ತಡೆದರೆ ಮೇಕೆಗಳೇ ಗತಿ. ತೀರ್ಪುಗಾರ ಇನ್ನೊಬ್ಬನನ್ನು ಕರೆದ. ಇಬ್ಬರೂ ಬಗ್ಗಿ ನೋಡಿದರು. ಮೊನೆಗೆ ಬಣ್ಣ ಹಚ್ಚಲು ನಿಯಮದಲ್ಲಿ ಅಡ್ಡಿಯಿಲ್ಲ, ಇದೂ ಬಣ್ಣವೇ ಎಂದು ತೀರ್ಮಾನಿಸಿದರು.

ಸಾರ್ಜೆಂಟ್ ಕೈ ಎತ್ತಿದ. ಎತ್ತಿದವನು ಹಾಗೆಯೇ ನಿಂತ. ಬಹಳ ಹೊತ್ತು. ಅರ್ಬಾಬ್ ನನ್ನ ತೋಳು ಹಿಡಿದುಕೊಂಡ.

"ಮೊನೆ ಕಾಣುತ್ತಿದೆ" ಅಂದ ಸಾರ್ಜೆಂಟ್, ತಿರುಗದೆ.

ಅಲ್ಲಿಯವರೆಗೆ ಅವನಿಗೆ ಅದು ಕಂಡೇ ಇರಲಿಲ್ಲ ಎಂದು ನಮಗೆ ಆಗ ತಿಳಿಯಿತು. ಇಡೀ ವರ್ಷ ಅಂದಾಜಿನಲ್ಲಿ ಹೊಡೆದಿದ್ದ.

ಒಂದೊಂದೇ ಗುಂಡು ಹಾರಿತು. ಕಾಗದ ತಂದರು. ಎಲ್ಲ ನಡುವಿನ ವೃತ್ತದ ಒಳಗೇ ಇದ್ದವು. ಒಂದೂ ಗೆರೆಯ ಹತ್ತಿರ ಸುಳಿದಿರಲಿಲ್ಲ. ಸಾರ್ಜೆಂಟ್ ತಂಡದಲ್ಲಿ ಉಳಿದ.

"ಹಾಗಾದರೆ ದೊಡ್ಡ ಗುಂಡಿನಿಂದ ಏನು ಪ್ರಯೋಜನವಾಯಿತು?" ಎಂದು ಅರ್ಬಾಬ್ ನನ್ನ ಕಿವಿಯಲ್ಲಿ ಕೇಳಿದ.

"ಶಬ್ದ ಜಾಸ್ತಿ."

ತಂಡಕ್ಕೆ ಸೇರಿದವರಿಗೆ ವೈದ್ಯರ ತಪಾಸಣೆ ಕಡ್ಡಾಯ. ಮುಂದಿನ ವಾರ ಸಾರ್ಜೆಂಟ್ ಅಂಗಡಿಗೆ ಬಂದಾಗ ಮೂಗಿನ ಮೇಲೆ ದಪ್ಪ ಕನ್ನಡಕವಿತ್ತು. ಬಾಗಿಲಲ್ಲೇ ನಿಂತು ಬೋರ್ಡ್ ಓದಿದ. ಲೇತನ್ನು ನೋಡಿದ, ಗೋಡೆಯ ಬಿರುಕು ನೋಡಿದ. ಆಮೇಲೆ ಹತ್ತಿರ ಬಂದು ನನ್ನ ಮುಖವನ್ನೇ ನೋಡತೊಡಗಿದ. ಧನ್ಯವಾದ ಹೇಳುತ್ತಾನೆಂದು ನಾನು ಅರ ಕೆಳಗಿಟ್ಟೆ.

"ಉಸ್ತಾದ್, ನಿನಗೆ ಇಷ್ಟೊಂದು ವಯಸ್ಸಾಗಿದೆಯೇ?"

"ಹೌದು."

"ಮೊದಲೇ ಕಂಡಿದ್ದರೆ ಪಿಸ್ತೂಲನ್ನು ನಿನ್ನ ಕೈಗೆ ಕೊಡುತ್ತಲೇ ಇರಲಿಲ್ಲ."