ಹತ್ತು ಗೋಲು ಹೊಡೆಸಿಕೊಂಡ ದಿನ

ಆಡುವವರು ಸೋತರೆ ಗ್ರೌಂಡಿನಲ್ಲಿ ಒಂದು ಸಲ ಸೋಲುತ್ತಾರೆ. ಅಭಿಮಾನಿ ಆದವನು ಮನೆ ಸೇರುವವರೆಗೂ ಬೀದಿಯಲ್ಲಿ ಕೇಳಿದವರಿಗೆಲ್ಲ ಹೇಳಿಕೊಂಡು ಸೋಲಬೇಕು. ಎಂಬತ್ತರ ದಶಕದಲ್ಲಿ ರಾಜಾಜಿನಗರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಗ ನಾನು ಹಾಕಿ ಸ್ಟಿಕ್ ಮುಟ್ಟಿದವನಲ್ಲ. ಆದರೆ ನಮ್ಮ ಟೀಮಿನ ಮ್ಯಾಚು ಅಂದರೆ ಕ್ಲಾಸಿಗೆ ಚಕ್ಕರ್ ಹೊಡೆದು, ಗಂಟಲು ಹರಿದುಕೊಳ್ಳೋದರಲ್ಲಿ ನಾನೇ ಮೊದಲು. ಇಂಥವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆ ಶನಿವಾರ ಮಾತ್ರ ಎಲ್ಲ ಒಟ್ಟಿಗೇ ಆಯಿತು.

ಬರೀ ಮ್ಯಾಚಾಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ನಮ್ಮ ಗೋಲ್‌ಕೀಪರ್ ನನ್ನ ಪಕ್ಕದ ಮನೆಯವನು. ಅವನ ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಅವನಿಗೊಂದು ಕೆಲಸ ಸಿಗಲೇಬೇಕಿತ್ತು. ಒಂದು ಫ್ಯಾಕ್ಟರಿಯವರು ತಮ್ಮ ಹಾಕಿ ಟೀಮಿಗೆ ಗೋಲ್‌ಕೀಪರ್ ಹುಡುಕುತ್ತಿದ್ದರು. ಆಯ್ಕೆಯಾದವನಿಗೆ ಅಲ್ಲೇ ಪರ್ಮನೆಂಟ್ ನೌಕರಿ. ಅವರ ಟೀಮ್ ಮ್ಯಾನೇಜರು ಇವನ ಆಟ ನೋಡಲು ಅವತ್ತು ನಮ್ಮ ಗ್ರೌಂಡಿಗೇ ಬರುವವರಿದ್ದರು. ಹೀಗಿರುವಾಗ ನಾನು ಸುಮ್ಮನೆ ಕೂರುತ್ತೇನೆಯೇ?

೧. ತಮಟೆ

ಮ್ಯಾನೇಜರ ಮುಂದೆ ಕಳೆ ಕಟ್ಟಲಿ ಅಂತ ಮಾಗಡಿ ರೋಡಿನ ಕಡೆಯಿಂದ ಮೂರು ಜನ ತಮಟೆಯವರನ್ನು ಕರೆತಂದೆ. ಹಾಕಿ ಅಂದರೆ ಏನು ಅಂತ ಅವರು ಕಂಡವರಲ್ಲ. ಗೋಲು ಬಿದ್ದ ತಕ್ಷಣ ಜೋರಾಗಿ ಬಾರಿಸಬೇಕು, ಅಷ್ಟೇ ಕೆಲಸ ಅಂತ ತಿಳಿಸಿ ಹೇಳಿದ್ದೆ. ಐದನೇ ನಿಮಿಷಕ್ಕೆ ಗೋಲು ಬಿತ್ತು. ನಮಗೇ ಬಿತ್ತು. ಅವರು ಬಾರಿಸಿದರು. ಮತ್ತೊಂದು ಬಿತ್ತು, ಇನ್ನೂ ಜೋರಾಗಿ ಬಾರಿಸಿದರು. ಮೂರನೇದಕ್ಕೆ ಎದುರು ಟೀಮಿನ ಸೆಂಟರ್ ಫಾರ್ವರ್ಡ್ ಬಂದು ಅವರ ಮುಂದೆ ನಾಲ್ಕು ಸ್ಟೆಪ್ ಹಾಕಿ ಹೋದ.

ನಾನು ಓಡಿಹೋಗಿ, ನಾವು ಗೋಲು ಹೊಡೆದಾಗ ಮಾತ್ರ ಬಾರಿಸಿ ಅಂತ ಕೈಮುಗಿದೆ. ಅವರಲ್ಲಿ ಹಿರಿಯವರು ಗ್ರೌಂಡನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ ಹೇಳಿದರು: "ಚರ್ಮ ಈಗ ತಾನೇ ಬೆಂಕೀಲಿ ಕಾಯಿಸಿದೀವಿ ಸಾಮಿ. ನಿಮ್ಮದಕ್ಕೆ ಕಾಯ್ತಾ ಕೂತ್ರೆ ತಣ್ಣಗಾಗಿ ಹೋಗ್ತದೆ."

೨. ನಿಂಬೆಹಣ್ಣು

ಬೆಳಿಗ್ಗೆ ಗೋಲ್‌ಕೀಪರ್‌ನ ಅಮ್ಮ ನನ್ನನ್ನು ಕರೆದು, ದೇವಿ ಗುಡಿಯಲ್ಲಿ ಮಂತ್ರಿಸಿಕೊಂಡು ಬಂದಿದ್ದ ನಿಂಬೆಹಣ್ಣು ಕೊಟ್ಟಿದ್ದರು. ಮಗ ನಿಲ್ಲುವ ಗೋಲಿಗೆ ಕಟ್ಟಿದರೆ ಒಂದು ಬಾಲೂ ಒಳಗೆ ಹೋಗಲ್ಲ ಅಂತ ಅವರ ನಂಬಿಕೆ. ಮೆಣಸಿನಕಾಯಿ ಸೇರಿಸಿ ಗೋಲ್‌ಪೋಸ್ಟಿನ ಹಿಂಭಾಗಕ್ಕೆ ಭದ್ರವಾಗಿ ಕಟ್ಟಿದೆ. ಹಾಫ್ ಟೈಮಿಗೆ ನಾಲ್ಕು ಗೋಲಾಗಿತ್ತು. ಇರಲಿ, ಇನ್ನೂ ಮಂತ್ರ ಹತ್ತಬೇಕೇನೋ ಅಂದುಕೊಂಡೆ.

ಹಾಫ್ ಟೈಮ್ ಆದ ಮೇಲೆ ಟೀಮುಗಳು ಕಡೆ ಬದಲಾಯಿಸುತ್ತವೆ ಅನ್ನೋದು ಗೊತ್ತಿದ್ದ ನನಗೆ ಅದು ಬೆಳಿಗ್ಗೆ ಹೊಳೆಯಲೇ ಇಲ್ಲ. ಹಾಳು ಬುದ್ಧಿ. ಈಗ ನಿಂಬೆಹಣ್ಣು ಎದುರಿನವರ ಗೋಲು ಕಾಯುತ್ತಿತ್ತು. ಬಿಚ್ಚಲು ಓಡಿದೆ, ಅಂಪೈರು ಕುತ್ತಿಗೆ ಹಿಡಿದು ಆಚೆ ಕಳಿಸಿದರು. ಆ ಅರ್ಧದಲ್ಲಿ ನಮಗೆ ಇನ್ನೂ ಆರು ಬಿತ್ತು.

ಎಷ್ಟೋ ದಿನ ಆದ ಮೇಲೆ ಅವನ ಅಮ್ಮನ ಮುಂದೆ ತಪ್ಪು ಒಪ್ಪಿಕೊಂಡೆ. ಅವರು ಬೈಯುತ್ತಾರೆ ಅಂದುಕೊಂಡರೆ ಮುಖ ಅರಳಿಸಿಕೊಂಡು ಕೇಳಿದರು: "ನೋಡಿದ್ಯಾ ದೇವೀ ಶಕ್ತಿ? ಅವರ ಗೋಲಿಗೆ ಒಂದಾದ್ರೂ ಬಿತ್ತಾ?"

೩. ಬೋರ್ಡು

ನಮ್ಮ ಗ್ರೌಂಡಿನ ಸ್ಕೋರ್ ಬೋರ್ಡಿಗೆ ಎರಡೇ ಮೊಳೆ. ಎಡಗಡೆ ನಮ್ಮದು, ಬಲಗಡೆ ಎದುರಿನವರದು. ತಗಡಿನ ನಂಬರುಗಳನ್ನು ಅದಕ್ಕೆ ನೇತುಹಾಕುವುದು ಕಾಲೇಜಿನ ಅಟೆಂಡರ್ ಕೆಲಸ. ಒಂಬತ್ತರವರೆಗೆ ಸರಾಗವಾಗಿ ನಡೆಯಿತು. ಹತ್ತನೇದು ಬಿದ್ದಾಗ ಅವರು ತಲೆ ಕೆರೆದುಕೊಂಡು ನಿಂತರು, ಹತ್ತು ಹಾಕಲು ಮೊಳೆ ಸಾಲದು. ಆಮೇಲೆ ಎರಡೂ ಕಡೆಯ ನಂಬರು ತೆಗೆದು, ಎಡಗಡೆ ಮೊಳೆಗೆ ಒಂದು, ಬಲಗಡೆ ಮೊಳೆಗೆ ಸೊನ್ನೆ ಹಾಕಿ ಕೆಳಗಿಳಿದರು. ಅಷ್ಟರಲ್ಲಿ ಮ್ಯಾಚು ಮುಗಿದ ಲಾಂಗ್ ವಿಷಲ್ ಆಯಿತು.

ಬೋರ್ಡು ರಸ್ತೆಗೆ ಕಾಣುವಂತಿತ್ತು. ಸೊಸೈಟಿಯಿಂದ ರೇಷನ್ ಸಕ್ಕರೆ ಹಿಡಿದುಕೊಂಡು ಬರುತ್ತಿದ್ದ ಗೋಲ್‌ಕೀಪರ್‌ನ ಅಮ್ಮ ಅದನ್ನು ನೋಡಿಯೇಬಿಟ್ಟರು. ಮಗ ಒಂದೂ ಬಿಡದೆ ಗೆಲ್ಲಿಸಿದ್ದಾನೆ, ಕೆಲಸ ಆದಂತೆಯೇ ಅಂತ ಅಲ್ಲೇ ಚೀಲ ಬಿಚ್ಚಿ ಹೋಗಿಬರುವವರಿಗೆಲ್ಲ ಸಕ್ಕರೆ ಹಂಚತೊಡಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಟೆಂಡರನ್ನು ತರಾಟೆಗೆ ತಗೊಂಡೆ.

"ಹತ್ತಕ್ಕೆ ಒಂದು, ಸೊನ್ನೆ. ಇದ್ರಲ್ಲಿ ತಪ್ಪೇನಿದೆ ತೋರ್ಸಿ," ಅಂದರು ಅವರು. "ಗೆದ್ದಂಗೆ ಕಾಣುತ್ತೆ ಅಂದ್ರೆ ಅದು ಕಾಲೇಜಿನ ಪುಣ್ಯ."

೪. ಮ್ಯಾನೇಜರು

ಗೋಲ್‌ಕೀಪರ್ ಪ್ಯಾಡು ಕೂಡ ಬಿಚ್ಚದೆ ಮಣ್ಣಲ್ಲಿ ಕೂತಿದ್ದ. ಹೋಯ್ತು ಕಣೋ ಎಲ್ಲಾ, ಅಮ್ಮಂಗೆ ನೀನೇ ಹೇಳು, ನನ್ನ ಕೈಲಾಗಲ್ಲ ಅಂದ. ನನಗೂ ಅಳು ಬಂತು. ಅದೇ ಹೊತ್ತಿಗೆ ಫ್ಯಾಕ್ಟರಿಯ ಮ್ಯಾನೇಜರು ಆ ಕಡೆಯಿಂದ ಬಂದರು, ಅಮ್ಮ ಈ ಕಡೆಯಿಂದ ಬಂದರು. ಅಮ್ಮ ಸೀದಾ ಅವರ ಅಂಗೈಗೆ ಸಕ್ಕರೆ ಹಾಕಿ, ನನ್ನ ಮಗ ಒಂದೂ ಬಿಡಲಿಲ್ಲವಲ್ಲ ಸಾರ್ ಅಂತ ಕಣ್ಣೊರೆಸಿಕೊಂಡರು. ನಾನೂ ಗೋಲ್‌ಕೀಪರೂ ನೆಲ ನೋಡತೊಡಗಿದೆವು.

ಮ್ಯಾನೇಜರು ಬೋರ್ಡಿನ ಕಡೆ ನೋಡಿದರು. ನಿಧಾನವಾಗಿ ಸಕ್ಕರೆ ಬಾಯಿಗೆ ಹಾಕಿಕೊಂಡರು. ಹುಡುಗ ಚೆನ್ನಾಗಿ ಆಡಿದ ಅಮ್ಮಾ, ಸೋಮವಾರ ಸರ್ಟಿಫಿಕೇಟು ತಗೊಂಡು ಫ್ಯಾಕ್ಟರಿಗೆ ಬರಲಿ, ಕೆಲಸಕ್ಕೆ ಹಾಕಿಕೊಳ್ತೀವಿ ಅಂದರು. ಅಮ್ಮ ದೇವಿಗೆ ಕೈಮುಗಿಯುತ್ತಾ ಮಗನನ್ನು ಎಬ್ಬಿಸಿಕೊಂಡು ಹೋದರು.

ನನಗೆ ತಡೆಯಲಾಗಲಿಲ್ಲ. ಗೇಟಿನವರೆಗೂ ಮ್ಯಾನೇಜರ ಹಿಂದೆಯೇ ಹೋಗಿ, ಸಾರ್, ಹತ್ತು ಗೋಲು ಬಿಟ್ಟವನನ್ನು ಹೇಗೆ ತಗೊಂಡ್ರಿ ಅಂತ ಕೇಳಿಯೇಬಿಟ್ಟೆ.

ಅವರು ಸ್ಕೂಟರ್ ಒದೆಯುತ್ತಾ ಹೇಳಿದರು: "ಒಳಗೆ ಹೋಗಿದ್ದು ಹತ್ತು, ಅವನು ತಡೆದಿದ್ದು ಮೂವತ್ತರ ಮೇಲೆ, ನಾನೇ ಎಣಿಸಿದೀನಿ. ನಮ್ಮ ಟೀಮಲ್ಲಿ ಬಾಲ್ ತಡೀಬೇಕಾದ ಬ್ಯಾಕುಗಳೂ ಡಿಟ್ಟೋ ನಿಮ್ಮವರ ಥರಾನೇ ಕಣಪ್ಪಾ. ಗೆಲ್ಲೋ ಟೀಮಿನ ಗೋಲ್‌ಕೀಪರ್ ಆದ್ರೆ ನಮ್ಮಲ್ಲಿ ಎರಡು ಮ್ಯಾಚಿಗೇ ಓಡಿ ಹೋಗ್ತಾನೆ. ಇವನಿಗಾದ್ರೆ ಅಭ್ಯಾಸ ಇದೆ."