ಉಡಾವಣೆಯ ದಿನ ನಾನು ಎಲ್ಲಿರಬೇಕು

ರಾಕೆಟ್ ಹಾರುವುದು ಎಲ್ಲೋ ಪೂರ್ವದ ಕಡಲತೀರದಿಂದ. ಫಜೀತಿ ಮಾತ್ರ ತಪ್ಪದೆ ಶಿವಮೊಗ್ಗದ ನಮ್ಮ ಮನೆಗೇ ಬಂದು ಬೀಳುತ್ತದೆ. ಮಗಳು ದೇಶದ ಉಪಗ್ರಹ ಉಡಾವಣೆಯ ತಂಡದಲ್ಲಿ ಎಂಜಿನಿಯರ್. ನಾನು ದಿನಾ ಬಸ್ಸು ಹತ್ತಿ ಭದ್ರಾವತಿಯ ನ್ಯೂ ಟೌನ್‌ಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು. ಒಂದೇ ರಾಕೆಟ್ಟಿಗೆ ಎರಡು ಊರಿನಲ್ಲಿ ಜವಾಬು ಕೊಡಬೇಕಾದ ಕರ್ಮ ನನ್ನದು.

ಸೋಲಲ್ಲ, ಪಾಠ

ಎಂಟನೇ ಕ್ಲಾಸಿಗೆ ನಮ್ಮ ರಾಕೆಟ್ಟುಗಳ ಇತಿಹಾಸ ಹೇಳುತ್ತಿದ್ದೆ. ಸೈಕಲ್ಲಿನ ಮೇಲೆ ರಾಕೆಟ್ಟಿನ ಮೂತಿ ಸಾಗಿಸಿದ್ದು, ಎತ್ತಿನ ಗಾಡಿಯಲ್ಲಿ ಉಪಗ್ರಹ ಕೂರಿಸಿದ್ದು, ಉಪಗ್ರಹ ಹೊತ್ತ ಮೊದಲ ರಾಕೆಟ್ಟು ಸಮುದ್ರಕ್ಕೆ ಬಿದ್ದದ್ದು, ಮರುವರ್ಷ ಇನ್ನೊಂದು ಗೆದ್ದದ್ದು. ಬೀಳುವ ಜಾಗಕ್ಕೆ ಬಂದಾಗ ನನಗೆ ಆವೇಶ ಬರುತ್ತದೆ. "ಅದು ಸೋಲಲ್ಲ ಕಣ್ರೋ, ಪಾಠ!" ಎಂದು ಮೇಜು ಗುದ್ದಿದೆ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಸಾರ್, ಇದನ್ನೇ ನನ್ನ ಟೆಸ್ಟ್ ಪೇಪರ್ ಮೇಲೆ ಬರೆದು ಸೈನ್ ಹಾಕಿ ಕೊಡ್ತೀರಾ? ನಾನು ಹೇಳಿದ್ರೆ ನಮ್ಮಮ್ಮ ನಂಬಲ್ಲ."

ಕಾಣದಷ್ಟು ದೂರ

ಮಗಳ ತಂಡದ ರಾಕೆಟ್ ಹಾರುವ ದಿನ ಇಡೀ ಬೀದಿ ನಮ್ಮ ಟೀವಿ ಮುಂದೆ ಕೂತಿತ್ತು. ಹೆಂಡತಿ ಕೇಸರಿಬಾತ್ ಮಾಡಿದ್ದಳು. ರಾಕೆಟ್ಟು ಬೆಂಕಿ ಉಗುಳುತ್ತಾ ಮೇಲೆದ್ದಿತು. ಎಲ್ಲರೂ ಚಪ್ಪಾಳೆ ಹೊಡೆದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಗೆರೆ ಇರಬೇಕಾದ ದಾರಿ ಬಿಟ್ಟು ಕೆಳಗೆ ಬಾಗತೊಡಗಿತು. ಆಮೇಲೆ ಆ ಗೆರೆಯೂ ಕಾಣದಾಯಿತು. ನಾನು ಸೋಫಾದಿಂದ ಅರ್ಧ ಎದ್ದೆ.

ಪಕ್ಕದ ಮನೆಯ ಯಜಮಾನರು ಬಟ್ಟಲಿನಿಂದ ತಲೆಯೆತ್ತಿ ಸಮಾಧಾನ ಹೇಳಿದರು: "ಕಾಣ್ತಿಲ್ಲ ಅಂದ್ರೆ ಗಾಬರಿ ಯಾಕೆ ಮಾರಾಯ್ರೆ? ಅಷ್ಟು ದೂರ ಹೋಗಿದೆ ಅಂತ ಅರ್ಥ."

ಸಂಜೆ ಮಗಳ ಫೋನು ಬಂತು. ಏಳನೇ ಕ್ಲಾಸಿನಿಂದ ಇದೊಂದೇ ಕೆಲಸದ ಕನಸು ಕಂಡವಳು. ರಾಕೆಟ್ಟು ಸಮುದ್ರ ಸೇರಿತು ಅಂತ ಅಳುತ್ತಲೇ ಹೇಳಿದಳು. "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಾಗಲ್ಲಪ್ಪ. ಬಿಟ್ಟು ಬಂದ್ಬಿಡ್ತೀನಿ."

"ಅದು ಸೋಲಲ್ಲ ಕಣೇ, ಪಾ..."

"ಅಪ್ಪ, ನಾನು ಎಂಟನೇ ಕ್ಲಾಸಲ್ಲಿಲ್ಲ."

ಸೋಫಾದ ಮೇಲಿನ ಅಪರಾಧಿ

ಅಲ್ಲಿ ದೊಡ್ಡವರೆಲ್ಲ ಕೂತು ಕಾರಣ ಹುಡುಕುತ್ತಿದ್ದರೆ, ಇಲ್ಲಿ ನನ್ನ ಹೆಂಡತಿ ಅಡುಗೆಮನೆಯಲ್ಲೇ ವಿಚಾರಣೆ ಮುಗಿಸಿದಳು.

"ಹಿಂದಿನ ಸಲ ಸರಿಯಾಗಿ ಹೋಯ್ತಲ್ಲ, ಅವತ್ತು ನೀವೆಲ್ಲಿದ್ರಿ?"

"ಮಕ್ಕಳನ್ನ ಆನೆ ತೋರಿಸೋಕೆ ಸಕ್ರೆಬೈಲಿಗೆ ಕರ್ಕೊಂಡು ಹೋಗಿದ್ದೆ."

"ಈ ಸಲ?"

"ಇಲ್ಲೇ ಸೋಫಾದ ಮೇಲೆ."

ಅವಳು ಸೌಟು ಕೆಳಗಿಟ್ಟಳು. ತೀರ್ಪು ಬಂದಾಗಿತ್ತು.

"ಅಲ್ಲ ಕಣೇ, ಆನೆಗೂ ರಾಕೆಟ್ಟಿಗೂ ಏನೇ ಸಂಬಂಧ?"

"ಅದನ್ನ ಕಂಡುಹಿಡಿಯೋದು ವಿಜ್ಞಾನದ ಮೇಷ್ಟ್ರ ಕೆಲಸ. ನೀವು ಮೊದಲು ಅಲ್ಲಿಗೆ ಹೋಗಿ ನಿಲ್ಲಿ."

ಆನೆಗಳ ನಡುವೆ

ಮುಂದಿನ ಉಡಾವಣೆಯ ಬೆಳಿಗ್ಗೆ ಹೆಂಡತಿಯೇ ನನ್ನನ್ನು ತೀರ್ಥಹಳ್ಳಿ ಬಸ್ಸು ಹತ್ತಿಸಿದಳು. ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿಯುವ ನಾನು ತುಟಿಪಿಟಕ್ಕೆನ್ನದೆ ಹತ್ತಿದೆ. ಮಗಳ ವಿಷಯ, ಧೈರ್ಯ ಸಾಲಲಿಲ್ಲ.

ಸಕ್ರೆಬೈಲಿನ ಆನೆ ಬಿಡಾರದ ಟಿಕೆಟ್ ಕೌಂಟರಿನವನು ಕೇಳಿದ, "ಮಕ್ಕಳೆಲ್ಲಿ ಮೇಷ್ಟ್ರೆ?"

"ಒಬ್ನೇ ಬಂದೆ. ಮಗಳು ರಾಕೆಟ್ ಬಿಡ್ತಿದಾಳೆ, ಅದಕ್ಕೆ."

ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಮಾವುತನಿಗೆ ಕೂಗಿ ಹೇಳಿದ, "ಇವರನ್ನ ಆನೆ ಹತ್ರ ಬಿಡ್ಬೇಡ!"

ತುಂಗೆಯ ದಡದಲ್ಲಿ ನಿಂತೆ. ಆನೆಗಳು ನೀರಲ್ಲಿ ಮಲಗಿ ಮೈ ತಿಕ್ಕಿಸಿಕೊಳ್ಳುತ್ತಿದ್ದವು. ಫೋನಿನಲ್ಲಿ ಹೆಂಡತಿಯ ವೀಕ್ಷಕ ವಿವರಣೆ. "ಎದ್ದಿತು ರೀ! ಮೊದಲನೇ ಹಂತ ಕಳಚಿತು." "ಎರಡನೇದೂ ಕಳಚಿತು." ಹೋದ ಸಲ ಗೆರೆ ಬಾಗಿದ್ದು ಇಲ್ಲೇ. ಫೋನಿನಲ್ಲಿ ಟೀವಿಯ ಸದ್ದಷ್ಟೇ ಕೇಳುತ್ತಿತ್ತು.

"ದಾಟಿತು ರೀ! ದಾಟಿತು!"

"ಹಾಗಾದ್ರೆ ನಾನು ಬರ್ಲಾ?"

"ಅಲ್ಲೇ ನಿಲ್ಲಿ! ಉಪಗ್ರಹ ಇನ್ನೂ ಬೇರೆ ಆಗಿಲ್ಲ!"

ಅಷ್ಟರಲ್ಲಿ ಮರಿಯಾನೆಯೊಂದು ಸೊಂಡಿಲೆತ್ತಿ ನನಗೆ ಪೂರ್ತಿ ಸ್ನಾನ ಮಾಡಿಸಿತು. ಮಾವುತ "ಹಿಂದೆ ಸರೀರಿ ಸ್ವಾಮಿ!" ಎಂದು ಕಿರುಚಿದ. ನಾನು ಒಂದಂಗುಲ ಕದಲಲಿಲ್ಲ. ಉಪಗ್ರಹ ಬೇರೆಯಾಗಿ ಕಕ್ಷೆ ಸೇರಿತು ಎಂದು ಹೆಂಡತಿ ಅಳುತ್ತಾ ಹೇಳಿದ ಮೇಲೆಯೇ ಕೆಸರಿನಿಂದ ಕಾಲು ಕಿತ್ತದ್ದು. ನಾನೂ ಅತ್ತೆ. ಒದ್ದೆ ಮುಖ, ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಮಗಳು ಫೋನು ಮಾಡಿದಳು. ಹಿಂದೆ ಜೋರು ಗಲಾಟೆ, ನಗು.

"ಅಪ್ಪ, ಅಮ್ಮ ಎಲ್ಲಾ ಹೇಳಿದ್ಲು. ನಾನು ಇಲ್ಲಿ ನಮ್ಮ ಸರ್‌ಗೆ ಹೇಳಿಬಿಟ್ಟೆ."

ನನಗೆ ಭೂಮಿಗೆ ಇಳಿದುಹೋದಂತಾಯಿತು. ಅಷ್ಟು ದೊಡ್ಡ ವಿಜ್ಞಾನಿ! "ನಕ್ಕರಾ?"

"ಇಲ್ಲಪ್ಪ. ಮುಂದಿನ ಉಡಾವಣೆಯ ತಂಡದಲ್ಲೂ ನಾನಿರ್ಬೇಕಂತೆ. ದಿನ ಗೊತ್ತು ಮಾಡೋ ಮೊದಲು ನಿನಗೆ ಅವತ್ತು ರಜ ಸಿಗುತ್ತಾ ಅಂತ ಕೇಳು ಅಂದ್ರು."