ಡೆಕ್ಕಿಗೆ ಬಲಿಯಾದ ಹಂಚು

ಸಿಂಧನೂರು ತಾಲ್ಲೂಕಿನಲ್ಲಿ ನನ್ನ ಕೈಗೆ ಸಿಕ್ಕೂ ಬದುಕದ ಟ್ರ್ಯಾಕ್ಟರ್ ಇನ್ನೂ ಹುಟ್ಟಿಲ್ಲ! ಸಾಲಗುಂದದಿಂದ ವಳಕಮದಿನ್ನಿಯವರೆಗೆ ಬರೀ ರಿವರ್ಸ್ ಗೇರಿನಲ್ಲಿ ಗಾಡಿ ಹೊಡೆದವನು ನಾನು. ದಾರಿಯಲ್ಲಿ ಎದುರಾದ ಎಮ್ಮೆಗಳೆಲ್ಲ ತಾವೇ ಹಿಂದಕ್ಕೆ ನಡೆಯುತ್ತಿದ್ದೇವೆ ಅಂದುಕೊಂಡು ಗಾಬರಿಬಿದ್ದವು. ಸುಳ್ಳು ಅನಿಸಿದರೆ ಎಮ್ಮೆಗಳನ್ನೇ ಕೇಳಿ.

ಇಂಥ ನನ್ನ ಕಣ್ಣಿಗೆ ಅಕ್ಕಿ ಗಿರಣಿ ಸಾಹುಕಾರರ ಬಂಗಲೆಯ ಹಿತ್ತಲಲ್ಲಿ ಒಂದು ಪುಟ್ಟ ಟ್ರ್ಯಾಕ್ಟರ್ ಬಿತ್ತು. ಹುಲ್ಲುಹಾಸು ಕತ್ತರಿಸುವ ಯಂತ್ರ. ಅವರ ಅಂಗಳಕ್ಕೆಲ್ಲ ಟೈಲ್ಸ್ ಬಂದು, ಇದು ಕೋಳಿ ಮೊಟ್ಟೆ ಇಡುವ ಜಾಗವಾಗಿತ್ತು. "ಒಯ್ದು ಪುಣ್ಯಾ ಕಟ್ಗೋರಿ ಪಂಪಣ್ಣಾರ" ಅಂದರು. ಎಳೆದು ತಂದೆ. ಒಂದು ಕೋಳಿಯೂ ಜೊತೆಗೆ ಬಂತು.

ನನ್ನ ಹೆಂಡತಿ ಆದಮ್ಮ ಬಾಗಿಲಲ್ಲೇ ನಿಂತಳು.

"ಇದೇನ್ರೀ, ಯಾವ ಟ್ರ್ಯಾಕ್ಟರ್ ಮರಿ ಹಾಕೇತಿ?"

"ನಮ್ಮ ಲೇಔಟಿನ ಪಾರ್ಕಿನಾಗ ಎದಿಮಟ ಹುಲ್ಲು ಬೆಳದೈತಿ. ಅದನ್ನ ಜಮಖಾನ ಮಾಡಿ ಹಾಸ್ತೀನಿ ನೋಡು!"

"ಎರಡು ಎಮ್ಮಿ ಬಿಟ್ರ ಹುಲ್ಲೂ ತಿಂತಾವ, ಹಾಲೂ ಕೊಡ್ತಾವ. ಇದು ಏನು ಕೊಡ್ತೈತಿ?"

ಮಹತ್ಕಾರ್ಯಕ್ಕೆ ಹೊರಟವನು ಎಮ್ಮೆಯ ಮಾತು ಕೇಳಬಾರದು. ಎಂಜಿನ್ನು ಮೂರು ಬೈಗುಳಕ್ಕೆ ಬಗ್ಗಿ ಗುಡುಗಿತು. ಕೈಕೊಟ್ಟಿದ್ದು ಹೊಟ್ಟೆಯಡಿಯ ಡೆಕ್ಕು. ಡೆಕ್ಕು ಅಂದರೆ ಬೋರಲು ಹಾಕಿದ ಕಬ್ಬಿಣದ ಬೋಗುಣಿ. ಅದರೊಳಗೆ ಬ್ಲೇಡು ಗಿರಗಿರ ತಿರುಗಿ ಹುಲ್ಲು ಕತ್ತರಿಸಿ ಪಕ್ಕದ ಬಾಯಿಂದ ಉಗುಳುತ್ತದೆ. ತುಕ್ಕು ಕೆರೆಯುತ್ತ ಹೋದೆ. ತುಕ್ಕು ಹೋದಂತೆ ಡೆಕ್ಕೂ ಹೋಗುತ್ತಿತ್ತು! ಕೊನೆಗೆ ನೆತ್ತಿಯಲ್ಲೊಂದು ತೂತು ಬಾಯಿ ತೆರೆಯಿತು. ಕೋಳಿ ಅದರೊಳಗಿಂದ ಕತ್ತು ಹೊರಹಾಕಿ ನನ್ನನ್ನು ಮೇಲೆ ಕೆಳಗೆ ನೋಡಿತು.

ತೂತು ಮುಚ್ಚಲು ದಪ್ಪನೆಯ, ದುಂಡನೆಯ ಕಬ್ಬಿಣ ಬೇಕು. ಆದಮ್ಮ ಅದೇ ಹೊತ್ತಿಗೆ ತಂಗಿಯ ಮನೆಯ ತೊಟ್ಟಿಲು ಕಾರ್ಯಕ್ಕೆ ಲಿಂಗಸುಗೂರಿಗೆ ಹೋದಳು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಗೋಡೆಯ ಮೇಲೆ ಅವಳ ಕಬ್ಬಿಣದ ರೊಟ್ಟಿ ಹಂಚು ತೂಗುತ್ತಿತ್ತು. ದಪ್ಪಗೆ. ದುಂಡಗೆ.

ಆ ಹಂಚಿನ ಚರಿತ್ರೆ ಹೇಳಬೇಕು. ಲಿಂಗಸುಗೂರಿನ ಜೋಳದ ಸೀಮೆಯಿಂದ ಈ ಕಾಲುವೆ ಸೀಮೆಯ ಅನ್ನದ ಊರಿಗೆ ಬರುವಾಗ ಅವಳವ್ವ ಕೊಟ್ಟಿದ್ದು. ದಾರಿಯಲ್ಲಿ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಗಂಟು ಬಸ್ಸಿನ ಮೇಲಿಂದ ಬಿದ್ದು ಅಂಚು ನೆಗ್ಗಿತು. ದಿನಾ ಬೆಳಿಗ್ಗೆ ಹಂಚು ಒರೆಸುತ್ತ ಆ ನೆಗ್ಗಿಗೆ ಬೆರಳು ತಾಗಿದಾಗಲೆಲ್ಲ ಅವಳ ಮಂತ್ರ ಒಂದೇ: "ಮಸ್ಕ್ಯಾಗ ಬಿದ್ರೂ ಒಡೀಲಿಲ್ಲ. ನನ್ನಂಗ ಇವ್ರ ಮನ್ಯಾಗ ಬಾಳೇ ಮಾಡ್ತು."

ಆ ಹಂಚಿನ ಎರಡು ಬಿಸಿ ರೊಟ್ಟಿ ದಿನಾ ಕಾಂಪೌಂಡ್ ಗೋಡೆ ದಾಟಿ ಪಕ್ಕದ ಮನೆಯ ಖಾತೂನ್‌ಬೀಗೆ ಹೋಗುತ್ತಿದ್ದವು. ತಾಟು ಒಮ್ಮೆಯೂ ಖಾಲಿ ಮರಳಿದ್ದಿಲ್ಲ. ಶೀರಾ, ಉಪ್ಪಿನಕಾಯಿ, ಏನೂ ಇಲ್ಲದ ದಿನ ಒಂದು ಬೆಲ್ಲದ ಚೂರು. ಖಾತೂನ್‌ಬೀ ಮನೆಗೆ ನೆಂಟರು ಬಂದರೆ ಹಂಚೂ ಗೋಡೆ ದಾಟುತ್ತಿತ್ತು.

ಮನೆಯಲ್ಲಿ ಎರಡು ಹೊಸ ತವಾ ಇವೆಯಲ್ಲ ಅಂದುಕೊಂಡೆ. ಗರಗಸ ಹಿಡಿದು ಹಂಚಿನ ಎರಡು ಹಿಡಿಬಳೆಗಳನ್ನು ಕೊಯ್ದೆ, ಗೋಡೆಯಾಚೆ ಎಸೆದೆ, ಡೆಕ್ಕು ಹೊತ್ತುಕೊಂಡು ಉಸ್ಮಾನ್‌ಸಾಬರ ವೆಲ್ಡಿಂಗ್ ಅಂಗಡಿಗೆ ನಡೆದೆ.

"ಪಂಪಣ್ಣಾರ, ಇದು ರೊಟ್ಟಿ ಹಂಚಲ್ಲೇನ್ರಿ?"

"ಗುಜರಿ ಮಾಲು! ನೀ ಬೆಸಿ."

ಡೆಕ್ಕಿನ ಒಳಮೈಗೆ ಹಂಚು ಇಟ್ಟು ನಾಲ್ಕು ಕಡೆ ಚುಕ್ಕಿ ಬೆಸುಗೆ ಬೀಳುವಷ್ಟರಲ್ಲಿ ಕರೆಂಟು ಹೋಯಿತು. "ನಾಳೆ ಬರ್ರಿ, ಸುತ್ತೂ ಹೊಡೀತೀನಿ" ಅಂದರು. ನಾಳೆ ಅನ್ನುವುದು ಪುಕ್ಕಲರ ಮಾತು! ಹಂಚಿನ ಹೊಟ್ಟೆ ಬ್ಲೇಡಿನ ಕಡೆಗೆ ಉಬ್ಬಿದ್ದನ್ನೂ ಲೆಕ್ಕಿಸದೆ ಒಳಗೂ ಹೊರಗೂ ಕೆಂಪು ಪೇಂಟು ಬಳಿದೆ. ಡೆಕ್ಕು ಮದುಮಗಳಂತೆ ಹೊಳೆಯಿತು.

ಆದಮ್ಮ ಬಂದಳು. ಹಿಟ್ಟು ನಾದಿ ಗೋಡೆಗೆ ಕೈ ಹಾಕಿದಳು. ಬರೀ ಮೊಳೆ!

"ಹಂಚೆಲ್ಲೈತ್ರೀ?"

ಆಗಲೇ ಹೇಳಿಬಿಟ್ಟಿದ್ದರೆ ಎರಡು ಬೈಗುಳಕ್ಕೆ ಮುಗಿಯುತ್ತಿತ್ತು. ನಾಲಿಗೆಯೂ ರಿವರ್ಸ್ ಗೇರಿಗೆ ಬಿತ್ತು. "ಖಾತೂನ್‌ಬೀ ಒಯ್ದಿರಬೇಕು, ಕೇಳು."

ಗೋಡೆಯ ಬಳಿ ಶುರುವಾಯಿತು.

"ಖಾತೂನ್, ಹಂಚು ಕೊಡವ್ವಾ."

"ಯಾವ ಹಂಚು ಅಕ್ಕಾ? ನಾ ಒಯ್ದಿಲ್ಲ."

"ಮರ್ತಿರ್ತಿ, ನೋಡು."

"ಮರೆಯಾಕ ನಂಗೇನ್ ಅರಳುಮರಳೇನು? ಕಳ್ಳಿ ಅಂತ ಬಾಯಿಬಿಟ್ಟೇ ಹೇಳ್ಬಿಡ್ರಿ!"

"ನೀನ ಅನ್ಕೊಂಡ್ರ ನಾ ಏನ್ ಮಾಡ್ಲಿ?"

ಸಂಜೆ ಅವರಲ್ಲಿದ್ದ ನಮ್ಮ ತಾಟು ಗೋಡೆಯ ಮೇಲೆ ಕೂತಿತ್ತು. ತೊಳೆದು, ಒರೆಸಿ, ಖಾಲಿ. ಆದಮ್ಮ ಅದನ್ನು ಎತ್ತಿಕೊಂಡು ಒಳಗೆ ಬಂದಳು. ಆವತ್ತು ಉಣ್ಣಲಿಲ್ಲ. ಹೊಸ ತವಾ ಮುಟ್ಟದೆ ನನಗೆ ಅನ್ನ ಹಾಕಿದಳು. ಶುಗರ್ ಇರುವ ನನಗೆ!

ಪಾರ್ಕು ಜಮಖಾನವಾದ ಮೇಲೆ ಸತ್ಯ ಹೇಳೋಣ, ಖುಷಿಯಲ್ಲಿ ಕ್ಷಮಿಸುತ್ತಾಳೆ ಅಂತ ನನ್ನ ಎಣಿಕೆ.

ಭಾನುವಾರ ಇಡೀ ಲೇಔಟು ಪಾರ್ಕಿನಲ್ಲಿ ಸೇರಿತು. ಆದಮ್ಮ ಬಾಡಿದ ಮುಖದಲ್ಲೇ ಯಂತ್ರಕ್ಕೆ ಕುಂಕುಮ ಹಚ್ಚಿದಳು. ಖಾತೂನ್‌ಬೀ ದೂರ, ತನ್ನ ಗೇಟಿನಲ್ಲಿ. ಕಾಯಿ ಒಡೆದೆ, ಏರಿ ಕೂತೆ, ಹೊಡೆದೆ! ಮೊದಲ ಸುತ್ತಿಗೆ ಹಿಂದೆ ಹಸಿರು ಪಟ್ಟೆ ಎದ್ದಿತು. ಚಪ್ಪಾಳೆ! ಎರಡನೇ ಸುತ್ತಿಗೆ ಒಂದು ಮಣ್ಣಿನ ದಿಬ್ಬ. ಡೆಕ್ಕು ಜಿಗಿಯಿತು, ಬ್ಲೇಡು ಹಂಚಿನ ಹೊಟ್ಟೆಗೆ ತಾಗಿತು.

ಢಣ್!

ಹಂಚು ಪಕ್ಕದ ಬಾಯಿಂದ ಹಾರಿ, ಅಂಚಿನ ಮೇಲೆ ನಿಂತು ಗಾಲಿಯ ಹಾಗೆ ಉರುಳಿತು. ಜನ ದಾರಿ ಬಿಟ್ಟರು. ಧ್ವಜದ ಕಟ್ಟೆ ಸುತ್ತಿ, ಬೇರೆಲ್ಲೂ ಜಾಗ ಇಲ್ಲದಂತೆ ಆದಮ್ಮನ ಕಾಲ ಬಳಿಯೇ ಬಂದು ಮಲಗಿತು.

ಅವಳು ಬಗ್ಗಿದಳು. ಕೆಂಪು ಪೇಂಟಿನ ಅಂಚಿನುದ್ದಕ್ಕೂ ಬೆರಳು ಆಡಿಸಿದಳು. ಬೆರಳು ಒಂದು ಕಡೆ ನಿಂತಿತು.

"ಮಸ್ಕಿ" ಅಂದಳು. ಅಷ್ಟೇ.

ನನ್ನ ಕಡೆ ನೋಡಲೂ ಇಲ್ಲ. ನೇರ ಖಾತೂನ್‌ಬೀ ಗೇಟಿಗೆ ನಡೆದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಖಾತೂನ್‌ಬೀ ಗೇಟು ಮಾತ್ರ ಮೆಲ್ಲಗೆ ಮುಚ್ಚಿಕೊಂಡಳು. ಧಡಾರನೆ ಬಡಿದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಹಿಟ್ಟಿನ ಪರಾತ ನನ್ನ ಮುಂದೆ ಬಂತು. ಅಂಗಳದಲ್ಲಿ ಮೂರು ಕಲ್ಲು, ಮೇಲೆ ಬ್ಲೇಡಿನ ಗಾಯದ ಹಂಚು.

"ಹಂಚು ಕೆಡಿಸಿದ ಕೈಲೇ ರೊಟ್ಟಿ ಬಡೀರಿ."

ಪೇಂಟು ಸುಟ್ಟು ಹೋಗುವ ತನಕ ಕೆಮ್ಮಿದೆ, ಆಮೇಲೆ ಬಡಿದೆ. ಮೊದಲನೆಯದು ರಾಯಚೂರು ಜಿಲ್ಲೆಯ ನಕ್ಷೆಯಂತಾಯಿತು. ಎರಡನೆಯದಕ್ಕೆ ಗಡಿಯೇ ಇರಲಿಲ್ಲ.

"ಖಾತೂನ್‌ಗೆ ಒಯ್ದು ಕೊಡ್ರಿ. ತಾಟು ಖಾಲಿ ಬಂದ್ರ ನೀವೂ ಬರಬ್ಯಾಡ್ರಿ."

ಖಾತೂನ್‌ಬೀ ತಾಟು ಇಸಿದುಕೊಂಡು ಒಳಗೆ ಹೋದಳು. ನಾನು ಗೇಟಿನಲ್ಲಿ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ತಾಟು ಬಂತು. ಮೇಲೆ ಬಟ್ಟೆ ಮುಚ್ಚಿತ್ತು. ಭಾರ ಇತ್ತು! ಶೀರಾ! ಬದುಕಿದೆ! ಓಡಿ ಬಂದು ಆದಮ್ಮನ ಮುಂದೆ ಹಿಡಿದೆ.

ಅವಳು ಬಟ್ಟೆ ಎತ್ತಿದಳು. ತಾಟಿನಲ್ಲಿ ಗರಗಸದಿಂದ ಕೊಯ್ದ ಎರಡು ಹಿಡಿಬಳೆ. ತೊಳೆದು ಎಣ್ಣೆ ಹಚ್ಚಿದ್ದವು.

ಗೋಡೆಯಾಚೆಯಿಂದ ಖಾತೂನ್‌ಬೀ ದನಿ ಬಂತು: "ಜಗಳಾದ ಮರುದಿನ ಕಸಾ ಹೊಡೆಯುವಾಗ ಸಿಕ್ಕಿದ್ವು ಅಕ್ಕಾ. ಅಣ್ಣಾರು ತಾವಾಗೇ ಹೇಳ್ತಾರೇನೋ ಅಂತ ಕಾದೆ."

ಸಾಲಗುಂದದಿಂದ ವಳಕಮದಿನ್ನಿಯವರೆಗೆ ಹಿಂದುಹಿಂದಕ್ಕೆ ಹೋದವನಿಗೆ ಒಲೆಯಿಂದ ಗೇಟಿನವರೆಗೆ ಏನು ಮಹಾ ದೂರ! ಸದ್ದಿಲ್ಲದೆ ಹೆಜ್ಜೆ ಹಿಂದಿಡುತ್ತಿದ್ದೆ. ಆದಮ್ಮ ಪರಾತವನ್ನು ಕಾಲಿಂದಲೇ ನನ್ನ ಕಡೆ ಸರಿಸಿದಳು.

"ನಾಳೀನೂ ಆಕಿಗೆ ಎರಡು ಬಡೀಬೇಕು. ಇವತ್ತ ಕೂತು ಕಲೀರಿ."